ಬಟ್ಟೆ ಕತ್ತರಿಯಿಂದ ಕಾಗದ ಕತ್ತರಿಸಿದ ಹುಡುಗ

ಆಷಾಢ ಮುಗಿಯುತ್ತಿದ್ದಂತೆ ಆಪ್ತಸಮಾಲೋಚನೆಗೆಂದು ನನ್ನ ಬಳಿಗೆ ಬರುವ ಮನೆಗಳಲ್ಲಿ ಒಂದು ಬಗೆ ಖಾಯಂ. ಆ ಮನೆಯ ಹೆಂಗಸು ರವಿಕೆ ಹೊಲಿಯುತ್ತಾಳೆ. ಆಷಾಢದಲ್ಲಿ ಮದುವೆ, ಮುಂಜಿ ಇಲ್ಲದೆ ಅವಳ ಕೈ ಖಾಲಿ. ಶ್ರಾವಣ ಹುಟ್ಟಿದರೆ ವರಮಹಾಲಕ್ಷ್ಮಿ, ಗೌರಿ, ಅದರ ಬೆನ್ನಿಗೇ ದಸರಾ. ಮೈಸೂರಿನ ಯಾವ ಬಡಾವಣೆಗೆ ಹೋದರೂ ಬೀದಿಗೊಬ್ಬರಂತೆ ಮನೆಯಲ್ಲೇ ಹೊಲಿಯುವವರಿದ್ದಾರೆ. ಈ ಎರಡು ಮೂರು ತಿಂಗಳು ಅವರಿಗೆ ತಲೆ ಕೆರೆದುಕೊಳ್ಳಲು ಪುರುಸೊತ್ತಿರುವುದಿಲ್ಲ. ಬೆನ್ನುನೋವು, ನಿದ್ದೆಗೇಡು, ಗಂಡನೊಡನೆ ಮುನಿಸು, ಕೊನೆಗೆ "ಇವಳಿಗೆ ಸಿಟ್ಟು ಜಾಸ್ತಿಯಾಗಿದೆ ಮೇಡಂ" ಎಂಬ ದೂರು. ಮನೆಯವರು ಕೆಟ್ಟವರಲ್ಲ. ಕುಡಿಯುವ ಗಂಡ, ಕಾಡುವ ಅತ್ತೆ ಯಾರೂ ಇರುವುದಿಲ್ಲ. ಆದ್ದರಿಂದಲೇ ಸಿಟ್ಟು ಎಲ್ಲಿಂದ ಬಂತೆಂದು ಯಾರಿಗೂ ಗೊತ್ತಾಗುವುದಿಲ್ಲ, ತಪ್ಪೆಲ್ಲ ಹೊಲಿಯುವವಳ ಸ್ವಭಾವದ್ದು ಎಂದಾಗಿಬಿಡುತ್ತದೆ.

ಅಂಥ ಒಂದು ಪ್ರಕರಣವನ್ನು, ಮನೆಯವರ ಒಪ್ಪಿಗೆ ಪಡೆದು, ಗುರುತು ಸಿಗದಂತೆ ವಿವರ ಬದಲಿಸಿ ಬರೆಯುತ್ತಿದ್ದೇನೆ. ಆಕೆಯನ್ನು ಸುಮಿತ್ರಾ ಎನ್ನೋಣ. ಮೂವತ್ತೈದು ದಾಟಿದ ವಯಸ್ಸು. ಗಂಡನಿಗೆ ಹೆಬ್ಬಾಳ ಕೈಗಾರಿಕಾ ಪ್ರದೇಶದಲ್ಲಿ ಪಾಳಿಯ ಕೆಲಸ. ಮೂರನೆಯ ತರಗತಿಯ ಮಗ. ಜೊತೆಗೆ ಮಂಡ್ಯದ ಕಡೆಯ ಹಳ್ಳಿಯಿಂದ ಬಂದು ಮಗನ ಮನೆಯಲ್ಲಿರುವ ಅತ್ತೆ. ಹೆಚ್ಚಿನ ಹಿನ್ನೆಲೆ ಇಲ್ಲಿ ಬೇಕಿಲ್ಲ.

ಆಗಸ್ಟ್ 23ರ ಬಾಹ್ಯಾಕಾಶ ದಿನಕ್ಕೆಂದು ಹುಡುಗ ಚಾರ್ಟ್ ಪೇಪರಿನಲ್ಲಿ ರಾಕೆಟ್ ಮಾಡುತ್ತಿದ್ದ. ಕೈಗೆ ಸಿಕ್ಕಿದ್ದು ಅಮ್ಮನ ಬಟ್ಟೆ ಕತ್ತರಿ. ಅಡುಗೆಮನೆಯಿಂದ ಬಂದ ಸುಮಿತ್ರಾ ಅದನ್ನು ನೋಡಿದವಳೇ ಮೇಜಿನ ಮೇಲಿದ್ದ ಮರದ ಅಳತೆಪಟ್ಟಿಯಿಂದ ಅವನ ಕೈಗೆ ಹೊಡೆದಳು. ಬಾಸುಂಡೆ ಎದ್ದಿತು. ಮಾರನೆಯ ದಿನ ಶಾಲೆಯ ಶಿಕ್ಷಕಿ ಅದನ್ನು ಕಂಡು ಕೇಳಿ, ಇವಳನ್ನು ಕರೆಸಿ ಮಾತನಾಡಿ, ನನ್ನಲ್ಲಿಗೆ ಕಳುಹಿಸಿದರು. "ನನ್ನ ಕೈ ಅಷ್ಟು ಜೋರಾಗಿ ಬೀಸುತ್ತದೆ ಎಂದು ನನಗೇ ಗೊತ್ತಿರಲಿಲ್ಲ" ಎಂದಳು.

ಹೊಡೆದದ್ದು ಹೊಡೆದದ್ದೇ, ಅದಕ್ಕೆ ಸಬೂಬಿಲ್ಲ. ಮಗುವಿನೊಡನೆ ಬೇರೆಯಾಗಿ ಕುಳಿತು ಮಾತನಾಡಿದೆ, ಶಿಕ್ಷಕಿಯನ್ನೂ ವಿಚಾರಿಸಿದೆ. ಮನೆಯಲ್ಲಿ ಹೊಡೆತ ರೂಢಿಯಾಗಿದ್ದರೆ ನಾನು ಹಿಡಿಯಬೇಕಾದ ದಾರಿ ಬೇರೆ. 1098 ಎಂಬ ಮಕ್ಕಳ ಸಹಾಯವಾಣಿ ಇರುವುದು ಅದಕ್ಕೇ. ಇಲ್ಲಿ ಹಾಗಿರಲಿಲ್ಲ. ಆದರೆ ಹಾಗಿಲ್ಲವೆಂದು ತಿಳಿದ ಮೇಲೂ ಕೇಳಲೇಬೇಕಾದ ಪ್ರಶ್ನೆ ಉಳಿಯುತ್ತದೆ: ಒಂದು ಕತ್ತರಿಗೆ ಇಷ್ಟೇಕೆ?

ಹೊಲಿಗೆ ಬಲ್ಲವರಿಗೆ ಈ ಪ್ರಶ್ನೆಯ ಅರ್ಧ ಉತ್ತರ ಗೊತ್ತು. ಕಾಗದ ಕತ್ತರಿಸಿದರೆ ಅಲಗು ಬೇಗ ಮೊಂಡಾಗುತ್ತದೆ. ಮೊಂಡು ಕತ್ತರಿ ಹತ್ತಿಬಟ್ಟೆಯನ್ನು ಹೇಗೋ ಕತ್ತರಿಸೀತು. ರೇಷ್ಮೆಯನ್ನು ಅಗಿಯುತ್ತದೆ, ಎಳೆ ಜಗ್ಗಿ ಅಂಚು ಸೊಟ್ಟಗಾಗುತ್ತದೆ. ಅಂದು ಸಂಜೆ ಅವಳು ಕತ್ತರಿಸಬೇಕಾಗಿದ್ದದ್ದು ಗಿರಾಕಿಯೊಬ್ಬರ ಮೈಸೂರು ರೇಷ್ಮೆಯ ರವಿಕೆ ಕಣ. ಸೀರೆಯ ಜೊತೆಗೇ ನೇಯ್ದು ಬಂದ ಕಣ ಅದು. ಕೆಟ್ಟರೆ ಅದೇ ಬಣ್ಣದ, ಅದೇ ಜರಿಯಂಚಿನ ಇನ್ನೊಂದು ತುಂಡು ದೇವರಾಜ ಅರಸು ರಸ್ತೆಯ ಉದ್ದಕ್ಕೂ ಹುಡುಕಿದರೂ ಸಿಗದು. ಹಬ್ಬಕ್ಕೆ ಎರಡು ದಿನ ಉಳಿದಿತ್ತು.

ಉಳಿದ ಅರ್ಧ ಉತ್ತರಕ್ಕಾಗಿ ಅವಳಿಗೆ ಒಂದು ಹಾಳೆ ಕೊಟ್ಟೆ. ಈ ಹಾಳೆ ನನ್ನ ಆವಿಷ್ಕಾರವಲ್ಲ. ರಾಷ್ಟ್ರೀಯ ಸಾಂಖ್ಯಿಕ ಕಚೇರಿ 2019ರಲ್ಲಿ, ಮತ್ತೆ 2024ರಲ್ಲಿ, ದೇಶದ ಜನ ದಿನವನ್ನು ಹೇಗೆ ಕಳೆಯುತ್ತಾರೆಂದು ಸಮೀಕ್ಷೆ ಮಾಡಿತು. ಬೆಳಗಿನ 4 ಗಂಟೆಯಿಂದ ಮರುದಿನ ಬೆಳಗಿನ 4ರವರೆಗೆ, ಅರ್ಧ ಅರ್ಧ ಗಂಟೆಯ ಖಾನೆ, ಒಟ್ಟು 48. ಅದೇ ಮಾದರಿಯಲ್ಲಿ ಗೆರೆ ಎಳೆದು, "ಒಂದು ಮಾಮೂಲಿ ದಿನವನ್ನು ಬರೆದುಕೊಂಡು ಬನ್ನಿ, ಮುಂದಿನ ಸಲ ಮನೆಯವರನ್ನೂ ಕರೆತನ್ನಿ" ಎಂದೆ.

ಬಂದರು. ಗಂಡ ಸಂಕೋಚದ ಮನುಷ್ಯ. ಹೆಂಡತಿಯ ಮೇಲೆ ದೂರು ಹೇಳಲು ಬಂದವನಂತಿರಲಿಲ್ಲ. "ಮನೆಯಲ್ಲೇ ಇರುತ್ತಾಳೆ ಮೇಡಂ. ಪುರುಸೊತ್ತಾದಾಗ ಹೊಲಿದುಕೊಳ್ಳಲಿ, ನಾನು ಬೇಡ ಅಂದೇ ಇಲ್ಲ. ಕತ್ತರಿ ಹಾಳಾದರೆ ಇನ್ನೊಂದು ತಂದುಕೊಡುತ್ತೇನೆ. ಸರ್ಕಾರದಿಂದ ಮಷಿನ್ನೇ ಸಿಗುತ್ತದಂತೆ, ಅರ್ಜಿ ಹಾಕಿಸೋಣ." ಅವನು ಹೇಳಿದ್ದರಲ್ಲಿ ಸುಳ್ಳಿಲ್ಲ. 2023ರ ಸೆಪ್ಟೆಂಬರ್ 17ರಂದು ಶುರುವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ದರ್ಜಿಯ ಕೆಲಸವೂ ಇದೆ, ಉಪಕರಣಕ್ಕೆ 15,000 ರೂಪಾಯಿಯವರೆಗೆ ನೆರವಿದೆ. ಹೊಲಿಗೆ ಯಂತ್ರ ಈಗ ಸುಲಭವಾಗಿ ಸಿಗುವ ವಸ್ತು. ಅದರ ಮುಂದೆ ಒಂದೇ ಸಮನೆ ಒಂದು ಗಂಟೆ ಕೂರುವುದಕ್ಕೆ ಯಾವ ಇಲಾಖೆಗೆ ಅರ್ಜಿ ಹಾಕುವುದು?

ನಾನು ಸುಮಿತ್ರಾಳ ಹಾಳೆಯನ್ನು ಅವನ ಕೈಗೆ ಕೊಟ್ಟು, ಬೆಳಿಗ್ಗೆ 11ರಿಂದ 11.30ರ ಖಾನೆಯನ್ನು ಗಟ್ಟಿಯಾಗಿ ಓದಿ ಎಂದೆ. ಅವನು ಓದಿದ: "ಬಲತೋಳು ಕೂರಿಸಲು ಶುರು. ಗ್ಯಾಸ್‌ನವನು ಬಂದ. ಅತ್ತೆಗೆ ಮಾತ್ರೆ. ತೋಳು. ಇವರ ಫೋನ್, ಪಾಸ್‌ಬುಕ್ ಹುಡುಕಿ ಫೋಟೊ ಕಳಿಸಿದೆ. ತೋಳು ಅದಲುಬದಲು. ಬಿಚ್ಚಿದೆ."

ರವಿಕೆಯ ತೋಳಿಗೆ ಮುಂದಿನ ಬಾಗು ಬೇರೆ, ಹಿಂದಿನ ಬಾಗು ಬೇರೆ. ಎಡದ್ದು ಬಲಕ್ಕೆ ಕೂತರೆ ತೊಟ್ಟವರಿಗೆ ಕಂಕುಳಲ್ಲಿ ಎಳೆಯುತ್ತದೆ. ಬಿಚ್ಚಿ ಮತ್ತೆ ಹೊಲಿಯಬಹುದು, ಆದರೆ ರೇಷ್ಮೆಯಲ್ಲಿ ಸೂಜಿಯ ತೂತು ಹಾಗೇ ಉಳಿಯುತ್ತದೆ. ಇದನ್ನು ಸುಮಿತ್ರಾ ವಿವರಿಸುತ್ತಿರುವಾಗ ಗಂಡ ಬೆರಳಿನಲ್ಲಿ ಲೆಕ್ಕ ಹಾಕುತ್ತಿದ್ದ. "ಎಲ್ಲ ಸೇರಿಸಿದರೆ ನಾಲ್ಕು ಗಂಟೆ ಹೊಲಿದ ಹಾಗಾಯಿತಲ್ಲ ಮೇಡಂ?" ಎಂದ. ಸಮೀಕ್ಷೆಯ ಕ್ರಮವನ್ನು ಅವನಿಗೆ ಹೇಳಿದೆ. ಅರ್ಧ ಗಂಟೆಯಲ್ಲಿ ಹಲವು ಕೆಲಸ ನಡೆದಿದ್ದರೆ, ಹತ್ತು ನಿಮಿಷಕ್ಕೆ ಕಡಿಮೆಯಿಲ್ಲದೆ ಮಾಡಿದ್ದನ್ನು ಮಾತ್ರ, ಅದೂ ಹೆಚ್ಚೆಂದರೆ ಮೂರನ್ನು, ಬರೆದುಕೊಳ್ಳುತ್ತಾರೆ. ಅವನು ಓದಿದ ಖಾನೆಯಲ್ಲಿ ಹತ್ತು ನಿಮಿಷ ಬಿಡದೆ ನಡೆದ ಕೆಲಸ ಒಂದೂ ಇರಲಿಲ್ಲ.

ಅಲ್ಲಿಯವರೆಗೆ ಬಾಯಿ ಬಿಡದೆ ಕುಳಿತಿದ್ದ ಅತ್ತೆ ಆಗ ಮಾತನಾಡಿದರು. ನನ್ನ ಕಡೆ ನೋಡಲಿಲ್ಲ, ಮಗನಿಗೇ ಹೇಳಿದರು.

"ಲೋ, ಅದು ಕೌದಿಯಲ್ಲ ಕಣೋ. ಕೌದಿ ನಾನು ಹೊಲಿಯುತ್ತಿದ್ದೆ. ಮುದ್ದೆಗೆ ಎಸರಿಟ್ಟು ಬಂದು ಎರಡು ಗೆರೆ ದಾರ ಎಳೆದು ಎದ್ದು ಹೋಗುತ್ತಿದ್ದೆ. ನೀನು ಬಂದು ಅದರ ಮೇಲೇ ಮಲಗಿಬಿಡುತ್ತಿದ್ದೆ. ಮಲಗಿದರೆ ಮಲಗಲಿ ಎಂದು ಇನ್ನೊಂದು ಮೂಲೆ ಹಿಡಿಯುತ್ತಿದ್ದೆ. ಒಂದು ಗೆರೆ ಸೊಟ್ಟಗಾದರೆ ಕೇಳುವವರು ಯಾರು? ಹೊದೆಯುವವರು ನಾವೇ. ಇವಳದು ರವಿಕೆ, ಊರವರ ಮೈಗೆ ಕೂರಬೇಕು. ಕೌದಿ ಹೊಲಿದ ಹಾಗೆ ರವಿಕೆ ಹೊಲಿ ಅಂದರೆ ಯಾವಳು ಹೊಲಿದಾಳು?"

ಸ್ವಲ್ಪ ತಡೆದು, "ನಿನ್ನ ಸ್ಪ್ಯಾನರ್ ಡಬ್ಬಕ್ಕೆ ಬೀಗ ಹಾಕಿಟ್ಟಿದ್ದೀಯ. ಇವಳ ಕತ್ತರಿ ಎಲ್ಲಿತ್ತು? ಫ್ರಿಜ್ ಮೇಲಿತ್ತು" ಎಂದರು.

ನಾನು ಎಷ್ಟೋ ಮನೆಗಳಿಗೆ ಸುತ್ತಿ ಬಳಸಿ ಹೇಳುತ್ತಿದ್ದದ್ದನ್ನು ಆಕೆ ನಾಲ್ಕು ಮಾತಿನಲ್ಲಿ ಮುಗಿಸಿದರು. (ಈ ಅಜ್ಜಿ ಸೊಸೆಯ ಪಕ್ಷಪಾತಿಯೇನಲ್ಲ. ಹಾಳೆಯಲ್ಲಿ ಅತಿ ಹೆಚ್ಚು ಸಲ ಸೊಸೆಯನ್ನು ಯಂತ್ರದ ಮುಂದಿನಿಂದ ಎಬ್ಬಿಸಿದವರು ಇವರೇ.) ಹಳೆಯ ಸೀರೆ, ಪಂಚೆಗಳನ್ನು ಪದರ ಪದರವಾಗಿ ಹಾಸಿ, ದೊಡ್ಡ ಸೂಜಿಯಲ್ಲಿ ಅಂಚಿನಿಂದ ಒಳಕ್ಕೆ ಸಾಲು ಹಿಡಿದು ಹೋಗುವ ಕೌದಿ ಮನೆಯ ಗದ್ದಲದೊಳಗೇ ಬೆಳೆಯುತ್ತದೆ. ಎಲ್ಲಿ ಬಿಟ್ಟರೂ ಕೆಡುವುದಿಲ್ಲ, ಎಷ್ಟು ದಿನವಾದರೂ ಕಾಯುತ್ತದೆ. ನಮ್ಮ ಮನೆಗಳಿಗೆ ಹೊಲಿಗೆಯೆಂದರೆ ಕಣ್ಣಿಗೆ ಬರುವುದು ಅಜ್ಜಿಯರ ಆ ಹೊಲಿಗೆ. ಇಂದು ನಡುಮನೆಯಲ್ಲಿ ನಡೆಯುತ್ತಿರುವುದು ಅದಲ್ಲ. ವಾಯಿದೆ, ಅಳತೆ, ದರ ಎಲ್ಲ ಇರುವ ದರ್ಜಿಯಂಗಡಿ. ಅಂಗಡಿಗೆ ಬಾಗಿಲಿಲ್ಲ ಎಂಬುದಷ್ಟೇ ವ್ಯತ್ಯಾಸ.

ಕೊಟ್ಟ ಸಲಹೆಗೆ ಬರುತ್ತೇನೆ. ಮೊದಲನೆಯದು ಮಗನ ಕುರಿತದ್ದು. "ಅವನನ್ನು ಕೂರಿಸಿಕೊಂಡು, ಹೊಡೆದದ್ದು ನನ್ನ ತಪ್ಪು ಎಂದು ಹೇಳಿ, ಅಲ್ಲಿಗೆ ನಿಲ್ಲಿಸಿ. 'ಆದರೆ ನೀನು ಕತ್ತರಿ ಮುಟ್ಟಿದ್ದಕ್ಕೆ' ಎಂಬುದನ್ನು ಸೇರಿಸಬೇಡಿ. ಕತ್ತರಿಯ ಪಾಠ ಇನ್ನೊಂದು ದಿನಕ್ಕೆ ಇರಲಿ." ಹುಡುಗನಿಗೆ ಅವನದೇ ಒಂದು ಕಾಗದದ ಕತ್ತರಿ ಕೊಡಿಸಲು ಹೇಳಿದೆ. ಬಟ್ಟೆ ಕತ್ತರಿ, ಗಿರಾಕಿಗಳ ರೇಷ್ಮೆ ಎರಡಕ್ಕೂ ಬೀಗವಿರುವ ಒಂದು ಟ್ರಂಕು. ಬೀಗದ ಕೈ ಸುಮಿತ್ರಾಳ ಹತ್ತಿರ ಮಾತ್ರ.

ಎರಡನೆಯದು ಹೊತ್ತಿನದು. ಹುಡುಗ ಶಾಲೆಯಲ್ಲಿರುವಾಗ, ಬೆಳಿಗ್ಗೆ ಹತ್ತರಿಂದ ಒಂದರವರೆಗೆ, ಕತ್ತರಿಸುವ ಮತ್ತು ಜೋಡಿಸುವ ಕೆಲಸ. ಆ ಹೊತ್ತಿನಲ್ಲಿ ಗ್ಯಾಸ್‌ನವನಿಗೆ ಬಾಗಿಲು ತೆರೆಯುವವರು ಯಾರು, ಅತ್ತೆಯ ಮಾತ್ರೆ ಯಾರ ಪಾಲು ಎಂಬುದನ್ನು ನನ್ನ ಮುಂದೆಯೇ ಹೆಸರು ಹಿಡಿದು ತೀರ್ಮಾನಿಸಿದರು. ಮಾತ್ರೆಯ ಡಬ್ಬಿಯನ್ನು ತಾವೇ ಇಟ್ಟುಕೊಳ್ಳುತ್ತೇನೆಂದು ಅತ್ತೆ ಒಪ್ಪಿದರು. ಸಂಜೆ, ಮಗು ಮನೆಯಲ್ಲಿರುವಾಗ, ಹೆಮ್ಮಿಂಗ್, ಹುಕ್ಕು, ಸೀರೆಯ ಕುಚ್ಚು. ನಡುವೆ ಎದ್ದರೂ ಕೆಡದ ಕೆಲಸ. ಗಂಡನಿಗೆ ಹೇಳಿದ್ದು ಒಂದೇ: ಆ ಮೂರು ಗಂಟೆ ಫೋನ್ ಮಾಡಬೇಡಿ. ನಿಮ್ಮ ಪಾಳಿಯಲ್ಲಿ ನಿಮಗೆ ಫೋನ್ ತೆಗೆಯಲು ಬಿಡುತ್ತಾರೆಯೇ?

ಕೌದಿಯ ವಿಚಾರವೂ ಬಂತು. ಉಳಿದ ತುಂಡುಗಳಲ್ಲಿ ಕೌದಿ ಹೊಲಿದು ಆನ್‌ಲೈನಿನಲ್ಲಿ ಮಾರಿ, ಒಳ್ಳೆಯ ಬೆಲೆ ಬರುತ್ತದೆ ಎಂದು ಮೈದುನ ಸಲಹೆ ಕೊಟ್ಟಿದ್ದನಂತೆ. ಬೇಡ ಎಂದೆ. ಮಾರುವುದು ತಪ್ಪೆಂದಲ್ಲ. ಆದರೆ ಈ ಮನೆಯಲ್ಲಿ ಅತ್ತೆ, ಸೊಸೆ, ಮೊಮ್ಮಗ ಮೂವರೂ ಕುಳಿತು, ಸೊಟ್ಟಗಾದರೂ ಪರವಾಗಿಲ್ಲ ಎಂದು ಮಾಡಬಹುದಾದ ಕೆಲಸ ಅದೊಂದೇ. ಅದಕ್ಕೂ ವಾಯಿದೆ ಕಟ್ಟಿದರೆ ಇನ್ನೇನು ಉಳಿಯಿತು? ಆಷಾಢದಲ್ಲಿ ಕೈ ಖಾಲಿಯಿರುವಾಗ ಹಾಸಿಕೊಳ್ಳಿ ಎಂದೆ.

ಈ ಸಲಹೆಗೆ ಆಕ್ಷೇಪ ಬಂದಿದೆ. ಸಹೋದ್ಯೋಗಿಯೊಬ್ಬರು, ಮಗುವಿಗೆ ಹೊಡೆದ ತಾಯಿಗೆ ಸಿಟ್ಟಿನ ನಿಯಂತ್ರಣ ಕಲಿಸಬೇಕಿತ್ತು, ನೀವು ವೇಳಾಪಟ್ಟಿ ಬರೆದುಕೊಟ್ಟಿರಿ ಎಂದರು. ಉಸಿರಾಟದ ಅಭ್ಯಾಸ, ಸಿಟ್ಟು ಏರುವ ಗುರುತು ಕಂಡಾಗ ಆ ಜಾಗ ಬಿಟ್ಟು ಹೊರಡುವುದು, ಇವನ್ನೂ ಹೇಳಿಕೊಟ್ಟಿದ್ದೇನೆ. ಆದರೆ ಅರ್ಧ ಗಂಟೆಗೆ ಮೂರು ಸಲ ಎಬ್ಬಿಸುವ ಮನೆಯಲ್ಲಿ ಕೂರಿಸಿ ಉಸಿರು ಎಳೆದು ಬಿಡಿ ಎನ್ನುವುದು ನನ್ನಿಂದಾಗದು. ಅದು ಅವಳ ಮೇಲೆ ಹೊರಿಸುವ ಇನ್ನೊಂದು ಕೆಲಸ.

ಇನ್ನು ಕೆಲವರು, ಮಗು ದೊಡ್ಡವನಾಗುವವರೆಗೆ ಹೊಲಿಗೆ ನಿಲ್ಲಿಸಿ ಎನ್ನಬಹುದಿತ್ತಲ್ಲ ಎಂದರು. ಎನ್ನಲಿಲ್ಲ, ಎನ್ನುವುದೂ ಇಲ್ಲ. ಹೊಲಿಗೆಯವರಿಗೆ ಗಿರಾಕಿಗಳೇ ಬಂಡವಾಳ; ಒಂದು ದಸರಾ ಕೈಬಿಟ್ಟರೆ ಅವರು ಮುಂದಿನ ಬೀದಿಯವಳಲ್ಲಿಗೆ ಹೋಗುತ್ತಾರೆ, ಒಮ್ಮೆ ಅಲ್ಲಿ ಅಳತೆ ಕೂತರೆ ವಾಪಸು ಬರುವುದು ಕಡಿಮೆ. ಸುಮಿತ್ರಾ ಲೈನಿಂಗ್ ರವಿಕೆಗೆ ತೆಗೆದುಕೊಳ್ಳುತ್ತಿದ್ದ 350 ರೂಪಾಯಿಗಳಿಂದಲೇ ಹುಡುಗನ ಶಾಲಾ ವ್ಯಾನಿನ ಹಣ ಹೋಗುತ್ತಿತ್ತು. ಮನೆಗೆಲಸದ ಪಾಲನ್ನು ಮುಟ್ಟದೆ ಗಳಿಕೆಯ ಕೆಲಸವನ್ನು ಮಾತ್ರ ಕಡಿಮೆ ಮಾಡಿ ಎನ್ನುವ ಸಲಹೆ ಯಾರಿಗೆ ಅನುಕೂಲ? 2024ರ ಸಮೀಕ್ಷೆಯ ಪ್ರಕಾರ ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ದಿನಕ್ಕೆ ಸರಾಸರಿ 289 ನಿಮಿಷ ಅದರಲ್ಲಿ ಕಳೆಯುತ್ತಾರೆ. ಅದನ್ನು ಮಾಡುವ ಗಂಡಸರು, ಮಾಡುವವರು ಮಾತ್ರ, 88 ನಿಮಿಷ. ಕತ್ತರಿ ಹಾಕುವುದಾದರೆ ಈ ಲೆಕ್ಕಕ್ಕೆ ಹಾಕಬೇಕು.

ಮನೆಯಲ್ಲಿ ಬೇರೆ ಹಿರಿಯರೇ ಇಲ್ಲದವರು ಏನು ಮಾಡಬೇಕೆಂದು ಕೇಳುತ್ತಾರೆ. ಮಗು ಮನೆಯಲ್ಲಿರುವಾಗ ರೇಷ್ಮೆಯನ್ನು ಟ್ರಂಕಿನಿಂದ ತೆಗೆಯಬೇಡಿ, ಫಾಲ್ಸ್, ಕುಚ್ಚು, ಹೆಮ್ಮಿಂಗ್ ಹಿಡಿಯಿರಿ ಎನ್ನುತ್ತೇನೆ. ಅದರಲ್ಲಿ ಬರುವ ಹಣ ಕಡಿಮೆ, ನಿಜ. ಹಬ್ಬದ ಕೆಲಸವನ್ನು ಒಪ್ಪಿಕೊಳ್ಳುವ ಮುಂಚೆ ಕ್ಯಾಲೆಂಡರಿನಲ್ಲಿ ಶಾಲೆಯಿರುವ ದಿನಗಳನ್ನು ಮಾತ್ರ ಎಣಿಸಿ.

ಸುಮಿತ್ರಾಳ ಮನೆಯಲ್ಲಿ ಎಲ್ಲ ಸರಿಹೋಯಿತೆಂದು ಬರೆಯಲಾರೆ. ಹುಡುಗ ಕೆಲವು ವಾರ ಯಂತ್ರದ ಹತ್ತಿರ ಸುಳಿಯಲಿಲ್ಲವಂತೆ. ಈಗ ಬಾಬಿನ್‌ಗೆ ದಾರ ಸುತ್ತಿಕೊಡುತ್ತಾನೆ. ಅವಳು ದರವನ್ನು 400ಕ್ಕೆ ಏರಿಸಿದಳು, ಕೆಲವು ಗಿರಾಕಿಗಳು ಬಿಟ್ಟರು. ಕೊನೆಯ ಸಲ ಬಂದಾಗ ಗಂಡನದು ಹೊಸ ತಕರಾರು: ರಾತ್ರಿ ಪಾಳಿಯ ವಾರದಲ್ಲಿ ತಾನು ಮಲಗುವ ಹೊತ್ತು, ಇವಳ ಯಂತ್ರ ಕುಟ್ಟುವ ಹೊತ್ತು ಒಂದೇ ಆಗಿದೆ. ಆ ವಾರ ಯಂತ್ರವನ್ನು ಹಿಂದಿನ ಕೋಣೆಗೆ ಸಾಗಿಸಲು ಹೇಳಿ ಮೇಡಂ ಎಂದ. ಯಂತ್ರಕ್ಕಿಂತ ಹಾಸಿಗೆ ಹಗುರ, ಅದನ್ನೇ ಸಾಗಿಸಿ ಎಂದೆ.