ಕಾಮಿಕ್ ಕಾನ್ ಸ್ಟಾಲಿಗೆ ನನ್ನ ಕಾಮಿಕ್ ಪುಸ್ತಕ 1,000 ಪ್ರತಿ ಅಚ್ಚು ಹಾಕಿಸಲಾ, 2,000 ಹಾಕಿಸಲಾ?

2,000 ಹಾಕಿಸಿ ನೋಡಿದವನು ನಾನು. ಅದರಲ್ಲಿ ಮುಕ್ಕಾಲು ಪಾಲು ಇವತ್ತಿಗೂ ಹಾಸನದ ನಮ್ಮ ಮನೆಯ ಅಟ್ಟದ ಮೇಲಿದೆ. ಹಾಗಾಗಿ ಉತ್ತರ ಮೊದಲೇ ಹೇಳಿಬಿಡುತ್ತೇನೆ: ಎರಡೂ ಬೇಡ.

ಬೆಂಗಳೂರು ಕಾಮಿಕ್ ಕಾನ್ ಎಂಬ ಕಾಮಿಕ್ಸ್ ಮೇಳಕ್ಕೆ ವರ್ಷದಿಂದ ವರ್ಷಕ್ಕೆ ಜನ ಜಾಸ್ತಿಯಾಗುತ್ತಿದ್ದಾರೆ, ಹಾಗಾದ್ರೆ ನನ್ನ ಪುಸ್ತಕವೂ ಜಾಸ್ತಿ ಹೋಗಬೇಕು ಅಲ್ವಾ ಅಂತ ಕೇಳಿದ್ದೀರಿ. ಆ 'ಹಾಗಾದ್ರೆ' ಇದೆಯಲ್ಲ, ಅದೊಂದು ಮಾತಿಗೆ ನಾನು ಸುಮಾರು ಒಂದು ಲಕ್ಷ ರೂಪಾಯಿ ತೆತ್ತಿದ್ದೇನೆ.

ನಾನು ಮೊದಲು ಹೋದದ್ದು ಸುಮ್ನೆ ನೋಡೋಕೆ, 2012ರಲ್ಲಿ. ಜತಿನ್ ವರ್ಮಾ ದೆಹಲಿಯ ದಿಲ್ಲಿ ಹಾಟ್‌ನಲ್ಲಿ ಇದನ್ನು ಶುರು ಮಾಡಿ ಒಂದೂವರೆ ವರ್ಷ ಆಗಿತ್ತಷ್ಟೆ. ಬೆಂಗಳೂರಿಗೆ ಅದೇ ಮೊದಲ ಸಲ, ಕೋರಮಂಗಲದ ಒಳಾಂಗಣ ಕ್ರೀಡಾಂಗಣದಲ್ಲಿ. ಕಾಮಿಕ್ ಪಾತ್ರಗಳ ವೇಷ ಹಾಕಿಕೊಂಡು ಬಂದವರನ್ನು ಉಳಿದವರು ಬಾಯಿಬಿಟ್ಟುಕೊಂಡು ನೋಡುತ್ತಿದ್ದರು. ಐದಾರು ವರ್ಷ ಕಳೆದ ಮೇಲೆ, ಮೇಳ ವೈಟ್‌ಫೀಲ್ಡ್‌ನ ಕೆಟಿಪಿಒ ವಸ್ತುಪ್ರದರ್ಶನ ಕೇಂದ್ರಕ್ಕೆ ಹೋಗಿದ್ದಾಗ, 335ಇ ಬಸ್ಸಿನಲ್ಲಿ ನನ್ನ ಪಕ್ಕ ಒಬ್ಬ ಹುಡುಗ ಆಳೆತ್ತರದ ಥರ್ಮಾಕೋಲ್ ರೆಕ್ಕೆಗಳನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ಕಂಡಕ್ಟರ್ "ಇದಕ್ಕೆ ಲಗೇಜ್ ಟಿಕೆಟ್ ಆಗುತ್ತೆ ನೋಡಪ್ಪಾ" ಎಂದು ನಕ್ಕು ಮುಂದೆ ಹೋದರು. ಬಸ್ಸಿನಲ್ಲಿ ಬೇರೆ ಯಾರೂ ತಿರುಗಿ ಸಹ ನೋಡಲಿಲ್ಲ. ಓಹೋ, ಇದು ಬೆಳೆದಿದೆ ಅಂದುಕೊಂಡೆ. ಮುಂದಿನ ವರ್ಷ ಸ್ಟಾಲ್ ಹಾಕುವುದು ಅಂತ ಆ ಬಸ್ಸಿನಲ್ಲೇ ತೀರ್ಮಾನವಾಯಿತು.

ಈಗ ತಪ್ಪಿನ ಕತೆ. ಸ್ವಲ್ಪ ಉದ್ದವಾಗುತ್ತದೆ, ಸಹಿಸಿಕೊಳ್ಳಿ.

ನನ್ನ ಪುಸ್ತಕ 48 ಪುಟ, ಪೂರ್ತಿ ಬಣ್ಣ, ಸೆಂಟರ್ ಪಿನ್. ಡಿಜಿಟಲ್‌ನಲ್ಲಿ, ಅಂದರೆ ಪ್ಲೇಟ್ ಇಲ್ಲದೆ ಕಂಪ್ಯೂಟರಿನಿಂದ ನೇರ ಅಚ್ಚಾಗುವುದರಲ್ಲಿ, 150 ಪ್ರತಿಗೆ ಕೇಳಿದಾಗ ಒಂದಕ್ಕೆ 140 ರೂಪಾಯಿ ಅಂದರು. ಪ್ಲೇಟ್ ಮಾಡಿ ಅಚ್ಚು ಹಾಕುವ ಆಫ್‌ಸೆಟ್‌ನಲ್ಲಿ 2,000 ಹಾಕಿಸಿದರೆ ಒಂದಕ್ಕೆ 46 ರೂಪಾಯಿ. ಯಾಕೆ ಇಷ್ಟು ವ್ಯತ್ಯಾಸ ಅಂತ ಪ್ರೆಸ್ಸಿನವರು ಬಿಡಿಸಿ ಹೇಳಿದ್ದರು. ಪ್ಲೇಟ್ ಮಾಡಿ, ಮಿಷನ್ನಿಗೆ ಕೂರಿಸಿ, ಬಣ್ಣ ಹೊಂದಿಸುವುದಕ್ಕೇ ಮೊದಲ ಖರ್ಚು. ಒಂದು ಸಲ ಓಡಲು ಶುರುವಾದರೆ ಆಮೇಲೆ ಹೆಚ್ಚುಕಮ್ಮಿ ಕಾಗದದ ದುಡ್ಡೇ. ಅವರು ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿಲ್ಲ. ಆದರೆ ನನ್ನ ತಲೆಯಲ್ಲಿ 46 ಮಾತ್ರ ಉಳಿಯಿತು, 2,000 ಹಾರಿಹೋಯಿತು. 200 ರೂಪಾಯಿ ಬೆಲೆ ಇಟ್ಟರೆ ಪ್ರತಿಗೆ 154 ಲಾಭ! ಆ ಮೇಳದಲ್ಲಿ ಕಂಡ ಜನದಲ್ಲಿ ನೂರಕ್ಕೆ ನಾಲ್ಕು ಜನ ಕೊಂಡರೂ ಸಾಕು ಅಂತ ಗುಣಾಕಾರ ಮಾಡಿ, 92,000 ರೂಪಾಯಿ ಕೊಟ್ಟು ಬಂದೆ.

ಎರಡು ದಿನದಲ್ಲಿ ಹೋದದ್ದು 115 ಪ್ರತಿ. ಕೈಗೆ ಬಂದದ್ದು 23,000. ಅಂದರೆ 46 ರೂಪಾಯಿಯ ಪುಸ್ತಕ ನನಗೆ ಬಿದ್ದದ್ದು ಒಂದಕ್ಕೆ 800 ರೂಪಾಯಿ. ಸ್ಟಾಲ್ ಬಾಡಿಗೆ, ಊಟ, ರಟ್ಟಿನ ಡಬ್ಬಗಳನ್ನು ಹೊತ್ತ ಗಾಡಿಯ ಬಾಡಿಗೆ ಇದರಲ್ಲಿ ಸೇರಿಲ್ಲ. ದುಬಾರಿ ಅಂತ ಬಿಟ್ಟ ಡಿಜಿಟಲ್ 150 ಪ್ರತಿಗೆ ಆಗುತ್ತಿದ್ದ ಖರ್ಚು 21,000. ಅದು ವಾಪಸ್ ಬಂದು, ಮೇಲೆ ಎರಡು ಸಾವಿರ ಮಿಗುತ್ತಿತ್ತು.

ಪುಸ್ತಕ ಚೆನ್ನಾಗಿರಲಿಲ್ಲವೇನೋ ಅಂತ ನೀವು ಅಂದುಕೊಳ್ಳಬಹುದು. ನಾನೂ ಆರು ತಿಂಗಳು ಅದೇ ಕೊರಗಿನಲ್ಲಿದ್ದೆ. ಆಮೇಲೆ ಒಂದು ದಿನ ಗಡಿಯಾರದ ಲೆಕ್ಕ ಹಾಕಿದೆ. ಮೇಳ ಬೆಳಿಗ್ಗೆ 11ರಿಂದ ರಾತ್ರಿ 8, ಎರಡು ದಿನಕ್ಕೆ 18 ಗಂಟೆ. ಗೊತ್ತಿಲ್ಲದ ಒಂದು ಕಾಮಿಕ್ಕನ್ನು ಯಾರೂ ನೋಡಿದ ತಕ್ಷಣ ಕೊಳ್ಳುವುದಿಲ್ಲ. ನಿಲ್ಲಬೇಕು, ಪುಟ ತಿರುವಬೇಕು, ನಾನು ಕತೆ ಹೇಳಬೇಕು, ಅವರು ಗೆಳೆಯನ ಮುಖ ನೋಡಬೇಕು. ಒಬ್ಬರಿಗೆ ನಾಲ್ಕು ನಿಮಿಷ. ಗಂಟೆಗೆ 15 ಜನ, ಒಟ್ಟು 270. ಒಂದು ಗುಟುಕು ನೀರು ಕುಡಿಯದೆ ಮಾತಾಡಿದರೂ ಅಷ್ಟೇ. ಅದರಲ್ಲಿ 115 ಜನ ಕೊಂಡಿದ್ದಾರೆ, ಪಾಪ! ಮೇಳದಲ್ಲಿ ಹತ್ತು ಸಾವಿರ ಜನ ಇದ್ದರೂ ಲಕ್ಷ ಜನ ಇದ್ದರೂ ನನ್ನ ಮೇಜು ಅದೇ ಆರಡಿ, ನನಗಿರುವುದು ಒಂದೇ ಬಾಯಿ. ಗೇಟಿನಲ್ಲಿ ಎಷ್ಟು ಜನ ಬಂದರು ಅನ್ನುವುದು ಮೇಳ ನಡೆಸುವವರ ಲೆಕ್ಕ. ಅದನ್ನು ತಂದು ನನ್ನ ಪ್ರಿಂಟ್ ಆರ್ಡರಿಗೆ ಅಂಟಿಸಿದ್ದು ನನ್ನ ದಡ್ಡತನ.

ಇನ್ನೊಂದು ವಿಷಯ. ಆ ಬೆಳವಣಿಗೆ ಯಾರಿಂದ ಅಂತಲೂ ನೋಡಿ. ಬರುವವರಲ್ಲಿ ಎಷ್ಟೋ ಜನ ಅನಿಮೆ (ಜಪಾನಿ ಕಾರ್ಟೂನು), ಟೀ ಶರ್ಟ್, ಗೊಂಬೆ, ಕಾಸ್‌ಪ್ಲೇ (ಪಾತ್ರಗಳ ವೇಷ ಹಾಕುವ) ಸ್ಪರ್ಧೆ, ಗೇಮಿಂಗ್ ಅಂತ ಬರುತ್ತಾರೆ. 2024ರಲ್ಲಿ ಕಾಮಿಕ್ ಕಾನ್ ಇಂಡಿಯಾವನ್ನು ಕೊಂಡದ್ದೇ ನಾಡ್‌ವಿನ್ ಎಂಬ ಗೇಮಿಂಗ್ ಕಂಪನಿ. ಇದನ್ನು ದೂರು ಅಂತ ಹೇಳುತ್ತಿಲ್ಲ, ಜಾತ್ರೆ ಅಂದಮೇಲೆ ಬಳೆ ಅಂಗಡಿಯೂ ಇರುತ್ತದೆ, ತೊಟ್ಟಿಲೂ ಇರುತ್ತದೆ. ಅಮೆರಿಕದ ಸ್ಯಾನ್ ಡಿಯಾಗೋದಲ್ಲೂ ಹೀಗೇ ಆಯಿತು. 1970ರ ಆಗಸ್ಟ್‌ನಲ್ಲಿ ಒಂದು ಹೋಟೆಲಿನ ನೆಲಮಾಳಿಗೆಯಲ್ಲಿ ಸುಮಾರು 300 ಜನ ಸೇರಿದ ಮೇಳಕ್ಕೆ ಈಗ ಒಂದು ಲಕ್ಷ ಮೂವತ್ತು ಸಾವಿರ ಜನ ಬರುತ್ತಾರೆ. ಆದರೆ ಅಲ್ಲಿ 44 ವರ್ಷಗಳ ಕಾಲ ಹಳೇ ಕಾಮಿಕ್ಸ್ ಮಾರಿದ ಡೆನ್ವರ್‌ನ ಮೈಲ್ ಹೈ ಕಾಮಿಕ್ಸ್ ಅಂಗಡಿ 2017ರಲ್ಲಿ ಇನ್ನು ಗಿಟ್ಟುವುದಿಲ್ಲ ಅಂತ ಸ್ಟಾಲ್ ಹಾಕುವುದನ್ನೇ ನಿಲ್ಲಿಸಿತು. ಅಂಥ ಕುಳಕ್ಕೇ ಹಾಗಾದರೆ ನನ್ನ ನಿಮ್ಮ ಪಾಡೇನು?

ನಿಮಗೆ ಮಾದರಿ ಬೇಕಿದ್ದರೆ ಟೋಕಿಯೊದ ಕೊಮಿಕೆಟ್ ಎಂಬ ಕಾಮಿಕ್ಸ್ ಮೇಳ ನೋಡಿ. 1975ರಲ್ಲಿ 32 ಗುಂಪುಗಳು, ಸುಮಾರು 700 ಜನರಿಂದ ಶುರುವಾಗಿ ಲಕ್ಷಗಟ್ಟಲೆಗೆ ಬೆಳೆಯಿತು. ಅಲ್ಲಿ ಮೇಜಿನ ಹಿಂದೆ ಕೂರುವವರು ಇವತ್ತಿಗೂ ಬಹುತೇಕ ತಾವೇ ಬರೆದು ತಾವೇ ಅಚ್ಚು ಹಾಕಿಸಿದ ಹವ್ಯಾಸಿಗಳು.

ನನ್ನ ಎರಡನೇ ದಿನದ ಮಧ್ಯಾಹ್ನ ಮರೆಯುವ ಹಾಗಿಲ್ಲ. ತುಮಕೂರಿನಿಂದ ಬಂದ ಒಬ್ಬ ತಾಯಿ, ಮಗ ಕಾಸ್‌ಪ್ಲೇ ಸಾಲಿನಲ್ಲಿ ನಿಂತಿದ್ದಾನೆ, ಕಾಲು ನೋಯುತ್ತಿದೆ ಅಂತ ನನ್ನ ಖಾಲಿ ಕುರ್ಚಿಯಲ್ಲಿ ಕೂತರು. ಕೈಯಲ್ಲಿ ಮಗನ ಮುರಿದ ಫೋಮ್ ಕತ್ತಿ. ಪುಸ್ತಕ ತೆಗೆದು ತಿರುವಿದರು. ನಾನು ಅಭ್ಯಾಸಬಲದಿಂದ ಕತೆ ಹೇಳಿದೆ. ಪೂರ್ತಿ ಕೇಳಿ, "ಇದು ಕನ್ನಡದಲ್ಲಿ ಇಲ್ವೇನಪ್ಪಾ?" ಅಂದರು. ಇಲ್ಲಮ್ಮ, ಇಂಗ್ಲಿಷಾದರೆ ಎಲ್ಲರೂ ಓದುತ್ತಾರೆ ಅಂದೆ. "ಮತ್ತೆ ನನಗೆ ಹೇಳಿದ್ದು ಕನ್ನಡದಲ್ಲೇ ಅಲ್ವಾ" ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಮಗನಿಗಿರಲಿ ಅಂತ ಒಂದು ಪ್ರತಿ ತೆಗೆದುಕೊಂಡು ಹೋದರು.

ಮುಂದಿನ ಸಲ ಕನ್ನಡದಲ್ಲೇ 16 ಪುಟದ ಕಪ್ಪುಬಿಳುಪು ಪುಸ್ತಕ ಮಾಡಿದೆ. ಬೆಲೆ 40 ರೂಪಾಯಿ, 150 ಪ್ರತಿ. ಭಾನುವಾರ ಸಂಜೆಗೆ ಮೇಜಿನ ಮೇಲೆ ಹನ್ನೊಂದು ಉಳಿದಿದ್ದವು. ಶ್ರೀಮಂತನಾಗಲಿಲ್ಲ, ಆದರೆ ಮನೆಗೆ ಡಬ್ಬ ಹೊತ್ತುಕೊಂಡು ಹೋಗಲಿಲ್ಲ.

ಆದ್ದರಿಂದ ನೀವು 150 ಮಾಡಿಸಿ, ಡಿಜಿಟಲ್‌ನಲ್ಲೇ. ಪ್ರತಿಗೆ ಎಷ್ಟು ಬೀಳುತ್ತದೆ ಅಂತ ನೋಡಬೇಡಿ, ಒಟ್ಟು ಎಷ್ಟು ದುಡ್ಡು ಜೇಬಿನಿಂದ ಹೋಗುತ್ತದೆ ಅಂತ ನೋಡಿ. 40-50 ರೂಪಾಯಿಯ ಒಂದು ಸಣ್ಣ ವಸ್ತು ಇಟ್ಟುಕೊಳ್ಳಿ, ಟಿಕೆಟ್ಟಿನ ಜೊತೆ ಪುಕ್ಕಟೆ ಕಾಮಿಕ್ ಸಿಕ್ಕವರು 200ರ ನೋಟು ಬೇಗ ಬಿಚ್ಚುವುದಿಲ್ಲ. ಎರಡನೇ ಬಾಯಿಗೆ ಒಬ್ಬ ಗೆಳೆಯನನ್ನು ಕಟ್ಟಿಹಾಕಿ ಕೂರಿಸಿ. ನನ್ನ ಗೆಳೆಯ ಎರಡು ದಿನವೂ ಮೇಳ ಸುತ್ತುತ್ತಿದ್ದ. ಮೇಜಿನ ಕೆಳಗೆ ಅಂಟು, ಟೇಪು, ಸೇಫ್ಟಿ ಪಿನ್ನು ಇರಲಿ. ಮಧ್ಯಾಹ್ನದ ಹೊತ್ತಿಗೆ ರೆಕ್ಕೆ, ಕತ್ತಿ, ಕೊಂಬು ಎಲ್ಲ ಮುರಿಯಲು ಶುರುವಾಗುತ್ತವೆ. ಅಂಟು ಒಣಗುವವರೆಗೆ ಆ ಹುಡುಗರು ನಿಮ್ಮ ಮೇಜಿನ ಮುಂದೇ ನಿಂತಿರುತ್ತಾರೆ.

ನನ್ನ 48 ಪುಟದ ಪುಸ್ತಕ ಹೇಗಿತ್ತು ಅಂತ ನೋಡಬೇಕಿದ್ದರೆ ಕಳಿಸುತ್ತೇನೆ. ಕೊರಿಯರ್ ಖರ್ಚೂ ನನ್ನದೇ. ಎರಡು ಮೂರು ಬೇಕೆಂದರೂ ಸಂಕೋಚ ಬೇಡ.