‘ಅಮ್ಮ ಕೊಟ್ಟ ಕತ್ತಲೆ’ ಕಳಿಸಿದವರಿಗೆ

ನಮಸ್ಕಾರ. ತಾಯಿಯಿಂದ ಮಕ್ಕಳಿಗೆ ದಾಟುವ ಕಣ್ಣಿನ ಕಾಯಿಲೆಯ ಬಗ್ಗೆ ಮಂಡ್ಯದಿಂದ ನೀವು ಕಳಿಸಿದ ಲೇಖನವನ್ನು ಶುಕ್ರವಾರ ಸಂಜೆ ಓದಿದೆ. ರಾತ್ರಿ ಊಟ ಆದ ಮೇಲೆ ಮತ್ತೆ ಓದಿದೆ. ಆಮೇಲೆ ಸಿಟ್ಟಿಗೆ ಸರಿಯಾಗಿ ನಿದ್ದೆ ಬರಲಿಲ್ಲ. ‘ಪ್ರಕಟಿಸಲಾಗುತ್ತಿಲ್ಲ’ ಅಂತ ಎರಡು ಸಾಲು ಬರೆದು ಸುಮ್ನೆ ಇರಬಹುದಿತ್ತು. ಆದರೆ ಈ ಲೇಖನ ಅಚ್ಚಾಗಬೇಕು ಅನ್ನುವ ಆಸೆ ನನಗಿದೆ.

ಒಳ್ಳೆಯದನ್ನು ಮೊದಲು ಹೇಳಿಬಿಡುತ್ತೇನೆ. ಜೀವಕೋಶದೊಳಗೆ ಶಕ್ತಿ ತಯಾರಿಸುವ ಪುಟ್ಟ ಭಾಗವಾದ ಮೈಟೊಕಾಂಡ್ರಿಯಕ್ಕೆ ತನ್ನದೇ ಡಿಎನ್ಎ ಇದೆ, ಅದರಲ್ಲಿ 16,569 ಅಕ್ಷರ, 37 ಜೀನ್ ಅನ್ನುವ ಲೆಕ್ಕ ಸರಿ. ಲೀಬರ್ ಕಾಯಿಲೆಯಲ್ಲಿ ಕಣ್ಣಿನ ನರ ಸೊರಗುವುದಕ್ಕೆ 11778ನೇ ಜಾಗದ ಒಂದು ಅಕ್ಷರ ಬದಲಾದದ್ದು ಕಾರಣ ಅಂತ 1988ರಲ್ಲಿ ಡಗ್ಲಸ್ ವಾಲೇಸ್ ತಂಡ ತೋರಿಸಿದ್ದನ್ನೂ ಸರಿಯಾಗಿ ಬರೆದಿದ್ದೀರಿ. ಬಸ್ಸಿನ ಬೋರ್ಡಿನಲ್ಲಿ ನಡುವಿನ ಅಕ್ಷರ ಮಾಯವಾಗಿ ಅಂಚಿನವು ಮಾತ್ರ ಕಾಣುವ ಇಪ್ಪತ್ತೆರಡರ ಹುಡುಗ ಚೆನ್ನಾಗಿ ಬಂದಿದ್ದಾನೆ. ‘ಜೀವಕೋಶದ ಪವರ್‌ಹೌಸ್’ ನಾಲ್ಕು ಸಲ ಬಂದಿದೆ, ಇರಲಿ, ಅದನ್ನು ನಾನೇ ತೆಗೆಯುತ್ತೇನೆ.

ಸಿಟ್ಟು ಬಂದದ್ದು ತಲೆಬರಹಕ್ಕೆ. ‘ಅಮ್ಮ ಕೊಟ್ಟ ಕತ್ತಲೆ.’ ಅದೇ ಅಮ್ಮ ಕೊಟ್ಟ ಮೈಟೊಕಾಂಡ್ರಿಯದಿಂದಲೇ ಆ ಹುಡುಗ ಇಪ್ಪತ್ತೆರಡು ವರ್ಷ ಓಡಾಡಿದ, ಓದಿದ, ಈಗಲೂ ಉಸಿರಾಡುತ್ತಿದ್ದಾನೆ. ಆಕೆಗೆ ಅದು ಬಂದದ್ದು ಅವಳ ಅಮ್ಮನಿಂದ. ಆಯ್ಕೆ ಮಾಡಿ ಕೊಟ್ಟದ್ದಲ್ಲ, ಅಲ್ವಾ?

ಎರಡನೇ ಪುಟದ ಸಾಲು ಇನ್ನೂ ಕೆಟ್ಟದ್ದು: ‘ತಾಯಿಯಲ್ಲಿ ದೋಷವಿದ್ದರೆ ಮಕ್ಕಳಿಗೆಲ್ಲ ರೋಗ ತಪ್ಪಿದ್ದಲ್ಲ.’ ಇದು ನೋಯಿಸುವ ಮಾತು ಮಾತ್ರ ಅಲ್ಲ, ಸುಳ್ಳು ಕೂಡ. ಲೀಬರ್ ಕಾಯಿಲೆಯಲ್ಲಿ ಆ ಬದಲಾವಣೆ ಸಾಮಾನ್ಯವಾಗಿ ಮಕ್ಕಳೆಲ್ಲರಿಗೂ ಬರುತ್ತದೆ, ನಿಜ. ಆದರೆ ಎಲ್ಲರ ಕಣ್ಣೂ ಹೋಗುವುದಿಲ್ಲ. ಗಂಡಸರಲ್ಲಿ ಸುಮಾರು ಅರ್ಧ, ಹೆಂಗಸರಲ್ಲಿ ಹತ್ತಕ್ಕೆ ಒಬ್ಬರು ಅನ್ನುವುದು ಹಳೆಯ ಲೆಕ್ಕ. ಈಚಿನ ಲೆಕ್ಕಗಳು ಅದಕ್ಕಿಂತ ಕಡಿಮೆ ಹೇಳುತ್ತವೆ. ಸಿಗರೇಟು ಜಾಸ್ತಿ ಸೇದುವವರಿಗೆ ಅಪಾಯ ಹೆಚ್ಚು ಅಂತಲೂ ಗೊತ್ತಾಗಿದೆ. ಆ ಮನೆಯಲ್ಲಿ ಇನ್ನೂ ಕಣ್ಣು ಚೆನ್ನಾಗಿರುವ ತಮ್ಮನೊಬ್ಬ ಇದನ್ನು ಓದಿದರೆ ಅವನ ಕೈಗೆ ಸಿಗುವ ಒಂದೇ ಉಪಯೋಗದ ಮಾತು ಅದು, ಅದೇ ನಿಮ್ಮ ಲೇಖನದಲ್ಲಿಲ್ಲ.

ಮುಂದಿನ ಸಾಲು: ‘3243ನೇ ಜಾಗದ ಬದಲಾವಣೆ ಇದ್ದ ತಾಯಿಯ ಮಕ್ಕಳಿಗೂ ಇದೇ ಗತಿ.’ ಯಾವ ಗತಿ? ಒಂದೇ ತಾಯಿಯ ಮಕ್ಕಳಲ್ಲಿ ಒಬ್ಬರಿಗೆ ಸಕ್ಕರೆ ಕಾಯಿಲೆ ಮತ್ತು ಕಿವುಡು ಬರಬಹುದು, ಇನ್ನೊಬ್ಬರಿಗೆ ಚಿಕ್ಕ ವಯಸ್ಸಿನಲ್ಲೇ ಲಕ್ವದಂಥ ಹೊಡೆತ ಬೀಳಬಹುದು, ಮೂರನೆಯವರಿಗೆ ಏನೂ ಆಗದೆ ಇರಬಹುದು. ಯಾಕೆ ಅಂತ ನೀವು ಹೇಳಲೇ ಇಲ್ಲ. ನೀವು ಮಂಡ್ಯದವರು, ಬಿತ್ತನೆ ಭತ್ತ ನೋಡಿ ಬೆಳೆದವರು. ಮೂಟೆಯಲ್ಲಿ ಗಟ್ಟಿ ಕಾಳಿನ ಜೊತೆ ಜೊಳ್ಳೂ ಬೆರೆತಿದೆ ಅಂದುಕೊಳ್ಳಿ. ಮೂರು ಜನ ಒಂದೊಂದು ಚಿಟಿಕೆ ತೆಗೆದರೆ ಒಬ್ಬರಿಗೆ ಹೆಚ್ಚೂಕಡಿಮೆ ಎಲ್ಲ ಗಟ್ಟಿ ಕಾಳೇ ಸಿಗಬಹುದು, ಒಬ್ಬರಿಗೆ ಬರೀ ಜೊಳ್ಳು. ಅಂಡಾಣು ಬೆಳೆಯುವಾಗಲೂ ಹೀಗೇ, ಮೈಟೊಕಾಂಡ್ರಿಯದ ಡಿಎನ್ಎಯ ಒಳ್ಳೆಯ ಪ್ರತಿ, ಕೆಟ್ಟ ಪ್ರತಿ ಎರಡೂ ಬೆರೆತಿರುತ್ತವೆ. ಮೊದಲು ಕೆಲವೇ ಪ್ರತಿಗಳು ಆ ಚಿಟಿಕೆಯಲ್ಲಿ ದಾಟುತ್ತವೆ, ಆಮೇಲೆ ಅವೇ ಲಕ್ಷದ ಲೆಕ್ಕಕ್ಕೆ ಬೆಳೆಯುತ್ತವೆ. ಮಗುವಿನ ಮೈಯಲ್ಲೂ ಕೆಟ್ಟ ಪ್ರತಿಗಳು ರಕ್ತದಲ್ಲಿ ಒಂದು ಪಾಲು, ಸ್ನಾಯುವಿನಲ್ಲಿ ಇನ್ನೊಂದು ಪಾಲು ಇರುತ್ತದೆ. ಕೆಟ್ಟ ಪ್ರತಿಗಳು ಒಂದು ಮಟ್ಟ ಮೀರುವ ತನಕ, ಅದು ಹಲವು ಸಲ ನೂರಕ್ಕೆ 60 ದಾಟಬೇಕು, ಅಂಗ ತನ್ನ ಕೆಲಸ ಮಾಡಿಕೊಂಡೇ ಹೋಗುತ್ತದೆ. ಇದನ್ನು ಒಂದು ಪುಟ ಬರೆಯಿರಿ. ಲೇಖನದ ಜೀವ ಇಲ್ಲಿದೆ.

ಇನ್ನೊಂದು ಪದ ನನ್ನನ್ನು ಕುಟುಕುತ್ತಲೇ ಇದೆ: ‘ತಾಯಿ ಕಡೆಯ ಕಸಿನ್‌ಗಳಿಗೂ ಬರಬಹುದು.’ ಯಾವ ಕಸಿನ್? ದೊಡ್ಡಮ್ಮ ಚಿಕ್ಕಮ್ಮನ ಮಕ್ಕಳಿಗೆ ಬರಬಹುದು. ಸೋದರಮಾವನಿಗೂ ಬರಬಹುದು, ಆದರೆ ಅವನ ಮಕ್ಕಳಿಗೆ ಅವನಿಂದ ಬರುವುದಿಲ್ಲ, ಗಂಡಸಿನ ಮೈಟೊಕಾಂಡ್ರಿಯ ಮಗುವಿನಲ್ಲಿ ಉಳಿಯುವುದಿಲ್ಲವಲ್ಲ. ನಮ್ಮ ಮನೆಮಾತಿನಲ್ಲಿ ಈ ಎರಡು ಕವಲಿಗೂ ಬೇರೆ ಬೇರೆ ಹೆಸರು ಇದೆ, ಇಷ್ಟು ಚೊಕ್ಕವಾಗಿ ಇದನ್ನು ಹೇಳುವ ಅನುಕೂಲ ಇಂಗ್ಲಿಷಿಗೆ ಇಲ್ಲ. ಅದನ್ನು ಬಿಟ್ಟು ಕಸಿನ್ ಅಂದರೆ ಮಾವನ ಮಗಳೂ ಸುಮ್ನೆ ಹೆದರಿಕೊಳ್ಳುತ್ತಾಳೆ.

ಇಷ್ಟು ಯಾಕೆ ಕೂಗಾಡುತ್ತಿದ್ದೇನೆ ಅಂದರೆ, ಈ ತಪ್ಪನ್ನು ನಾನೂ ಮಾಡಿದ್ದೇನೆ. 1989, ಮೈಸೂರಿನ ಒಂದು ವಾರಪತ್ರಿಕೆಯಲ್ಲಿ ಪ್ರೂಫ್ ತಿದ್ದುತ್ತಿದ್ದೆ. ಮೊಳೆ ಜೋಡಿಸುವ ಕಾಲ, ಕೈಯೆಲ್ಲ ಮಸಿ. ರಕ್ತ ಸರಿಯಾಗಿ ಹೆಪ್ಪುಗಟ್ಟದ ಕಾಯಿಲೆ ಹಿಮೋಫಿಲಿಯ ಬಗ್ಗೆ ಅರ್ಧ ಪುಟ ಬರೆಯಲು ಅವಕಾಶ ಸಿಕ್ಕಿತು. ‘ತಾಯಿಯಿಂದ ಮಗನಿಗೆ ಅಂಟುವ ಪಿಡುಗು’ ಅಂತ ತಲೆಬರಹ ಕೊಟ್ಟೆ, ಹಿರಿಯರು ಊರಲ್ಲಿರಲಿಲ್ಲ, ಹಾಗೇ ಅಚ್ಚಾಯಿತು. ಹದಿನೈದು ದಿನದ ಮೇಲೆ ಶ್ರೀರಂಗಪಟ್ಟಣದ ಕಡೆಯ ಹೆಂಗಸೊಬ್ಬಳು ಮಗನನ್ನು ಸೊಂಟದಲ್ಲಿಟ್ಟುಕೊಂಡು ಮೆಟ್ಟಿಲು ಹತ್ತಿ ಬಂದಳು. ಹುಡುಗನ ಮೊಣಕಾಲು ಊದಿತ್ತು. ಅವಳ ಕೈಯಲ್ಲಿ ನನ್ನ ಅರ್ಧ ಪುಟ, ನಾಲ್ಕು ಮೂಲೆಗೂ ಒಣಗಿದ ಅನ್ನದ ಅಗಳು. “ನಮ್ಮತ್ತೆ ಇದ ಗ್ವಾಡೆಗೆ ಅಂಟ್ಸಿದ್ರು ಕಣವ್ವ, ಕಿತ್ಕೊಂಡ್ ಬಂದಿವ್ನಿ” ಅಂದಳು. ಬೈಯಲಿಲ್ಲ. ‘ನಂದು ತಪ್ಪಿಲ್ಲ ಅಂತ ಇದರಲ್ಲೇ ಬರ್ಕೊಡ್ತೀರಾ’ ಅಂತ ಕೇಳಿದಳು.

ನಮ್ಮ ಸಂಪಾದಕರು ಆಕೆಗೆ ಕಾಫಿ ತರಿಸಿ, ನನ್ನನ್ನು ಅಲ್ಲೇ ಕೂರಿಸಿ ಬರೆಸಿದರು. ಅದೇ ಪುಟ, ಅದೇ ಅಳತೆ, ಅಷ್ಟೇ ದಪ್ಪ ಅಕ್ಷರದ ತಲೆಬರಹ. ಆರು ಸಲ ಹರಿದುಹಾಕಿ ಏಳನೆಯದನ್ನು ಒಪ್ಪಿದರು. ಅಚ್ಚಾದ ಪ್ರತಿಯನ್ನು ನಾನೇ ಬಸ್ಸಿನಲ್ಲಿ ಹೋಗಿ ಆಕೆಯ ಕೈಗೆ ಕೊಟ್ಟು ಬಂದೆ. ಅಂದಿನಿಂದ ಇಂಥ ಕಾಯಿಲೆಯ ಲೇಖನ ಯಾವುದೇ ಬಂದರೂ ಆ ಗೋಡೆಯ ಮೇಲಿಟ್ಟು ಓದುತ್ತೇನೆ.

ನಿಮ್ಮ ಲೇಖನವನ್ನೂ ಹಾಗೇ ಓದಿದೆ. ತಲೆಬರಹ ಬದಲಾಯಿಸಿ. ಸಿಗರೇಟಿನ ವಿಷಯ ಸೇರಿಸಿ. ಮೈಟೊಕಾಂಡ್ರಿಯದ ಬಹುಪಾಲು ಪ್ರೋಟೀನುಗಳ ಜೀನ್ ಇರುವುದು ಕೋಶಕೇಂದ್ರದಲ್ಲಿ, ಅಲ್ಲಿಯ ತಪ್ಪು ಅಪ್ಪನಿಂದಲೂ ಬರಬಹುದು, ಡಿಎನ್ಎಯ ದೊಡ್ಡ ತುಂಡೇ ಬಿಟ್ಟುಹೋಗುವ ಕಾಯಿಲೆಗಳು ಹೆಚ್ಚಾಗಿ ಯಾರಿಂದಲೂ ಬಂದವಲ್ಲ ಅನ್ನುವುದನ್ನೂ ಬರೆಯಿರಿ. ಮುಂದಿನ ತಿಂಗಳ 10ರೊಳಗೆ ಕಳಿಸಿದರೆ ಸಂಚಿಕೆಗೆ ಜಾಗ ಇಟ್ಟಿರುತ್ತೇನೆ. ಬಸ್ಸಿನ ಬೋರ್ಡಿನ ಪ್ಯಾರಾ ಮಾತ್ರ ಮುಟ್ಟಬೇಡಿ.