ನಲ್ಲಿ ಬಿಟ್ಟರೆ ಸಾಕು, ಕಪ್ಪೆ ವಟಗುಟ್ಟುತ್ತದೆ

ಪ್ರಶ್ನೆ: ಪರಿಚಯದವರು ಸಾಕಲಾಗದೆ ಬಿಟ್ಟುಕೊಟ್ಟ ಎರಡು ಹಸಿರು ಮರಗಪ್ಪೆಗಳನ್ನು ಕಳೆದ ವಾರ ಮನೆಗೆ ತಂದೆವು. ವೈಟ್ಸ್ ಟ್ರೀ ಫ್ರಾಗ್ ಅನ್ನುವ ಜಾತಿಯಂತೆ. ಒಂದು ರಾತ್ರಿಯೆಲ್ಲ ವಟಗುಟ್ಟುತ್ತದೆ. ನಲ್ಲಿ ಬಿಟ್ಟರೂ, ಮಿಕ್ಸಿ ಹಾಕಿದರೂ ಶುರು. ಇನ್ನೊಂದು ತುಟಿ ಪಿಟಕ್ಕೆನ್ನುವುದಿಲ್ಲ, ಸರಿಯಾಗಿ ತಿನ್ನುವುದೂ ಇಲ್ಲ. ಮೊದಲನೆಯದಕ್ಕೆ ಹಸಿವೇ? ಎರಡನೆಯದಕ್ಕೆ ಕಾಯಿಲೆಯೇ? ಕೈಯಲ್ಲಿ ಎತ್ತಿಕೊಂಡು ರೂಢಿ ಮಾಡಿಸಬಹುದೇ?

ಉತ್ತರ: ಕೂಗುವುದಕ್ಕೂ ಹಸಿವಿಗೂ ಸಂಬಂಧವಿಲ್ಲ. ಅಷ್ಟು ಜೋರಾಗಿ ಕೂಗುತ್ತಿದ್ದರೆ ಅದು ಗಂಡು. ಹೆಣ್ಣನ್ನು ಕರೆಯುವುದು, ಬೇರೆ ಗಂಡುಗಳಿಗೆ ‘ಈ ಜಾಗ ನನ್ನದು’ ಅಂತ ಸಾರುವುದು, ಎರಡೂ ಆ ಕೂಗಿನಲ್ಲೇ ಆಗುತ್ತದೆ. ಕೂಗುವಾಗ ಗಮನಿಸಿ, ಬಾಯಿ ಮುಚ್ಚಿಯೇ ಇರುತ್ತದೆ. ಶ್ವಾಸಕೋಶದ ಗಾಳಿಯನ್ನು ಗಂಟಲ ಕೆಳಗಿನ ಚೀಲಕ್ಕೆ ನೂಕುತ್ತದೆ, ಅದನ್ನೇ ಒಳಗೆಳೆದುಕೊಂಡು ಮತ್ತೆ ಕೂಗುತ್ತದೆ.

ಈ ಜಾತಿಯ ಮೂಲ ಆಸ್ಟ್ರೇಲಿಯಾ ಮತ್ತು ನ್ಯೂಗಿನಿ. ಅಲ್ಲಿ ಮಳೆ ಬಿದ್ದಾಗ ಇವು ಮೊಟ್ಟೆಯಿಡುತ್ತವೆ. ಹಾಗಾಗಿ ನೀರಿನ ಸದ್ದು ಕೇಳಿದರೆ, ಗಾಜಿನ ಪೆಟ್ಟಿಗೆಗೆ ನೀರು ಚಿಮುಕಿಸಿದರೆ ಗಂಡಿಗೆ ಹುರುಪು ಬರುತ್ತದೆ. ಮಿಕ್ಸಿಗೂ ವ್ಯಾಕ್ಯೂಮ್ ಕ್ಲೀನರ್‌ಗೂ ಉತ್ತರ ಕೊಡುವ ಕಪ್ಪೆಗಳು ಬೇಕಾದಷ್ಟಿವೆ. ನಿದ್ದೆ ಕೆಡುತ್ತಿದ್ದರೆ ಪೆಟ್ಟಿಗೆಯನ್ನು ಮಲಗುವ ಕೋಣೆಯಿಂದ ಆಚೆಗಿಡಿ. ಬಾಯಿ ಮುಚ್ಚಿಸಲು ತೇವ ಕಡಿಮೆ ಮಾಡಬೇಡಿ, ಚರ್ಮ ಒಣಗಿದರೆ ಕಪ್ಪೆ ಉಳಿಯುವುದಿಲ್ಲ. ತಮಾಷೆಗೆ ಮೊಬೈಲಿನಲ್ಲಿ ಕಪ್ಪೆಯ ಕೂಗು ಕೇಳಿಸುವುದೂ ಬೇಡ. ಕಾಣದ ಎದುರಾಳಿಗೆ ಅದು ಸುಮ್ನೆ ಉತ್ತರ ಕೊಡುತ್ತಾ ಕೂರುತ್ತದೆ.

ಬೇರೆ ಸದ್ದುಗಳೂ ಇವೆ. ಒಂದು ಇನ್ನೊಂದರ ಬೆನ್ನೇರಿದಾಗ ಕೆಳಗಿನದು ಚಿಕ್ಕದಾಗಿ, ಬಿಟ್ಟು ಬಿಟ್ಟು ಸದ್ದು ಮಾಡಬಹುದು. ‘ಬಿಡು ನನ್ನ’ ಅಂತ ಅರ್ಥ. ಬಾಯಿ ತೆರೆದು ಕಿರುಚಿದರೆ ಮಾತ್ರ ಅದು ಭಯ. ನೀವು ಹಿಡಿದಾಗ ಕಿರುಚಿದರೆ ತಕ್ಷಣ ಬಿಟ್ಟುಬಿಡಿ.

ಇನ್ನು ಸುಮ್ಮನಿರುವ ಕಪ್ಪೆ. ಅದು ಹೆಣ್ಣಿರಬಹುದು, ಎಳೆಯ ಗಂಡಿರಬಹುದು, ಹೊಸ ಜಾಗಕ್ಕೆ ಇನ್ನೂ ಹೊಂದಿಕೊಳ್ಳದೆ ಇರಬಹುದು. ಬೆಳೆದ ಗಂಡಿನ ಗಂಟಲ ಚರ್ಮ ಸಡಿಲ, ಸುಕ್ಕು, ಸ್ವಲ್ಪ ಮಬ್ಬು. ಹೆಣ್ಣಿನದು ಬಿಳಿ, ಮೈಯೂ ಸಾಮಾನ್ಯವಾಗಿ ದೊಡ್ಡದು. ಮೌನವನ್ನು ನೋಡಿ ಕಾಯಿಲೆ ಹೇಳಲಾಗುವುದಿಲ್ಲ, ಮೈಯನ್ನು ನೋಡಬೇಕು. ಬೆಳೆದ ಕಪ್ಪೆಗೆ ವಾರಕ್ಕೆ ಎರಡು ಮೂರು ಸಲ ಹುಳ ಸಾಕು. ಮೈ ತುಂಬಿಕೊಂಡಿದ್ದರೆ ಮೊದಲ ವಾರದ ಉಪವಾಸಕ್ಕೆ ಗಾಬರಿ ಬೇಡ. ಪೆಟ್ಟಿಗೆಯೊಳಗೆ ಹಗಲು 24ರಿಂದ 28 ಡಿಗ್ರಿ ಸೆಲ್ಸಿಯಸ್ ಇದೆಯೇ ನೋಡಿ, ಚಳಿಯಾದರೆ ತಿನ್ನುವುದಿಲ್ಲ. ಸದಾ ಕಂದು ಬಣ್ಣದಲ್ಲೇ ಇದ್ದರೂ ಮೊದಲು ಇದನ್ನೇ ಪರೀಕ್ಷಿಸಿ. ಸೊಂಟದ ಮೂಳೆ ಎದ್ದು ಕಂಡರೆ, ತೊಡೆ ಅಥವಾ ಹೊಟ್ಟೆ ಕೆಂಪಾದರೆ, ಮುಟ್ಟಿದರೂ ಮಿಸುಕದಿದ್ದರೆ ಉಭಯಚರಗಳನ್ನು ನೋಡುವ ಪಶುವೈದ್ಯರ ಹತ್ತಿರ ಹೋಗಿ. ಬಾಯಿ ಆಕಳಿಸುತ್ತಾ ಮೈ ಹಿಂಡಿಕೊಳ್ಳುವುದನ್ನು ಕಂಡು ಹೆದರಬೇಡಿ. ಪೊರೆ ಬಿಡುತ್ತಿರುತ್ತದೆ, ಅದನ್ನು ತಾನೇ ತಿಂದುಬಿಡುತ್ತದೆ!

ಗಾತ್ರದಲ್ಲಿ ತುಂಬಾ ವ್ಯತ್ಯಾಸವಿದ್ದರೆ ಮಾತ್ರ ಇವತ್ತೇ ಬೇರೆ ಮಾಡಿ. ದೊಡ್ಡದು ಚಿಕ್ಕದನ್ನು ನುಂಗುತ್ತದೆ.

ಎತ್ತಿಕೊಳ್ಳುವ ಆಸೆಯನ್ನು ಸದ್ಯ ಬಿಡಿ. ಕಪ್ಪೆ ಬಾಯಿಂದ ನೀರು ಕುಡಿಯುವುದಿಲ್ಲ, ಹೊಟ್ಟೆಯಡಿಯ ಚರ್ಮದಿಂದ ಹೀರುತ್ತದೆ. ನಿಮ್ಮ ಕೈಯ ಸೋಪು, ಕ್ರೀಮು ಕೂಡ ಅದೇ ದಾರಿಯಲ್ಲಿ ಒಳಗೆ ಹೋಗುತ್ತದೆ. ಕುಡಿಕೆಗೆ ಕ್ಲೋರಿನ್ ತೆಗೆದ ನೀರನ್ನೇ ಹಾಕಿ. ಎತ್ತಲೇಬೇಕಾದರೆ ಕೈಯನ್ನು ಬರೀ ನೀರಿನಲ್ಲಿ ಚೆನ್ನಾಗಿ ತೊಳೆದು, ಒದ್ದೆ ಕೈಯಲ್ಲೇ ಎತ್ತಿ. ಇಟ್ಟ ಮೇಲೆ ಸೋಪು ಹಾಕಿ ತೊಳೆದುಕೊಳ್ಳಿ, ಕಪ್ಪೆಯ ಮೈಯಲ್ಲಿ ಹೊಟ್ಟೆ ಕೆಡಿಸುವ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಇರಬಹುದು. ಸ್ನೇಹ ಬೆಳೆಸಲು ಊಟದ ಹೊತ್ತೇ ಒಳ್ಳೆಯದು. ಕತ್ತಲಾದ ಮೇಲೆ, ಮಂದ ಬೆಳಕಿನಲ್ಲಿ, ಉದ್ದನೆಯ ಚಿಮಟದಲ್ಲಿ ಹುಳ ಹಿಡಿದು ಮುಂದೆ ಆಡಿಸಿ.

ಬಿಟ್ಟುಕೊಟ್ಟವರಿಗೆ ಒಂದು ಫೋನ್ ಮಾಡಿ, ವಯಸ್ಸೆಷ್ಟು, ಏನು ತಿನ್ನುತ್ತಿದ್ದವು, ಮೊದಲೂ ಹೀಗೇ ಕೂಗುತ್ತಿತ್ತೇ ಅಂತ ಕೇಳಿ. ಸಾಕಿದರೆ ಇವು 15 ವರ್ಷಕ್ಕಿಂತ ಜಾಸ್ತಿ ಬದುಕುತ್ತವೆ.